ರೆಪ್ಪೆಯ ಕಾವು

ಎಡಗೈಯನ್ನು ಮೂರು ಸಲ ತೊಳೆದು ಬಲಗೈಯನ್ನು ನಾಲ್ಕನೆಯ ಸಲ ತೊಳೆಯುತ್ತಿದ್ದಾಗ, ತನ್ನ ಈ ತೊಳೆಯಾಟವನ್ನು ಯಾರಾದರೂ ನಕಲು ಮಾಡಿದರೆ ಹೇಗಿದ್ದೀತು ಎಂದು ಉಮಾಪತಿಗೆ ಅನ್ನಿಸಿತು. ಮೊದಲು ತುಟಿಯನ್ನು ತುಸು ಒಳಗೆಳೆದುಕೊಳ್ಳಬೇಕು. ಆಮೇಲೆ ಬೆರಳ ಸಂದಿಗೆ ಬೆರಳು ತೂರಿಸಿ, ಯಾರದೋ ಕೈಯನ್ನು ತೊಳೆಯುತ್ತಿರುವವನಂತೆ ಮುಖ ಅತ್ತ ತಿರುಗಿಸಬೇಕು. ಇಷ್ಟು ಸಾಕು, ನೋಡಿದವರು ನಗುತ್ತಾರೆ. ಆದರೆ ಯಾರೂ ಅವನ ನಕಲು ಮಾಡಿರಲಿಲ್ಲ. ಕೊಪ್ಪಳದಲ್ಲಿ ಒಬ್ಬರನ್ನು ಬಿಟ್ಟರೆ ಅವನು ನಕಲು ಮಾಡದ ಮನುಷ್ಯನಿರಲಿಲ್ಲ. ತಹಸೀಲ್ದಾರರ ಕೆಮ್ಮು, ಹೆಡ್ ಮಾಸ್ತರರು ಹಾಜರಿ ಕೂಗುವಾಗ ಕೊನೆಯ ಅಕ್ಷರ ನುಂಗುವುದು, ಆನೆಗೊಂದಿಯ ಅಂಬಿಗ ಹರಗೋಲಿನಲ್ಲಿ ಕೂತವರನ್ನೆಲ್ಲ ಒಟ್ಟಿಗೆ ಬೈಯುವುದು, ಒಮ್ಮೆ ಕೇಳಿದರೆ ಸಾಕು, ಅವನ ಗಂಟಲಲ್ಲಿ ಮನೆ ಮಾಡಿಬಿಡುತ್ತಿದ್ದವು. ಅವನನ್ನು ಮಾತ್ರ ಯಾರೂ ಮಾಡುತ್ತಿರಲಿಲ್ಲ. ಹಿಡಿಯಲು ಹಿಡಿಕೆಯೇ ಇಲ್ಲದ ಪಾತ್ರೆ ತಾನು ಎಂಬ ಸಂಶಯ ಇತ್ತೀಚೆಗೆ ಬಚ್ಚಲಲ್ಲಿ ಒಬ್ಬನೇ ಇದ್ದಾಗ ಬರುತ್ತಿತ್ತು. ಸಬಕಾರ ಕೆಂಪು ಬಣ್ಣದ್ದು, ಕಾರ್ಬಾಲಿಕ್ ವಾಸನೆಯದು, ಹೈದರಾಬಾದಿನಿಂದ ತಂದದ್ದು. ಪಡಸಾಲೆಯಲ್ಲಿ ಕೂತ ಅಪ್ಪ ದೇವೇಂದ್ರಪ್ಪ, ಅರಳೆಯ ವ್ಯಾಪಾರಿ, ಎಲೆಗೆ ಸುಣ್ಣ ಹಚ್ಚುತ್ತ ಕೇಳಿದರು, "ಅದೇನ ಕಂಚಿನ ಕೈಯೇನಪಾ? ದಿನಾ ಹಂಗ ತಿಕ್ಕಿದ್ರ ಕಲಾಯಿ ಹೋದೀತು."

"ಸಾಲ್ಯಾಗ ಸುಣ್ಣದ ಕಡ್ಡಿ ಹಿಡದು ಒರಟಾಗ್ಯಾವ್ರಿ ಅಪ್ಪಾ."

"ಇವತ್ತ ಸುಕ್ರಾರ, ನಿಜಾಮರ ಸೂಟಿ. ಸಾಲಿ ಎಲ್ಲೈತಿ?"

ಉಮಾಪತಿ ಬುಟ್ಟಿ ಎತ್ತಿಕೊಂಡ. "ಹೂಂ" ಎಂದರು ಅಪ್ಪ. ಅರಳೆ ಮಾರಲು ಬಂದವನಿಗೆ ಇವತ್ತೂ ಅಲ್ಲ, ನಾಳೆಯೂ ಅಲ್ಲ ಎಂದು ತಿಳಿಸುವ ಹೂಂ ಅದು. ಅದನ್ನು ಕೇಳುತ್ತಲೇ ಬೆಳೆದವನು ಉಮಾಪತಿ. ಅಪ್ಪನೊಬ್ಬನನ್ನು ನಕಲು ಮಾಡಬಾರದೆಂದು ತನಗೆ ತಾನೇ ಹಾಕಿಕೊಂಡ ಕಟ್ಟು ಅವನದೊಂದಿತ್ತು, ಇರುವ ಒಂದೇ ಕಟ್ಟು.

ಅವನು ಹೋಗುತ್ತಿದ್ದದ್ದು ತತ್ತಿ ತರಲು. ಲಿಂಗ ಕಟ್ಟಿದ ಮನೆಯಿಂದ ತತ್ತಿಗಾಗಿ ಬುಟ್ಟಿ ಹಿಡಿದು ಹೊರಡುವ ಮಗ. ಇದಕ್ಕಾಗಿ ಮೊದಮೊದಲು ಅವನಿಗೆ ನಾಚಿಕೆಯಾಗುತ್ತಿತ್ತು, ಬುಟ್ಟಿಯ ಮೇಲೆ ಅರಳೆ ಹರಡಿಕೊಂಡು ಹೋಗುತ್ತಿದ್ದ. ಎಂಥ ಸಣ್ಣ ನಾಚಿಕೆ ಅದು, ಮೊಣಕಾಲುದ್ದದ್ದು. ಈಗ ಅದು ನೆನಪಾದರೆ ಹಗುರವೆನ್ನಿಸುತ್ತದೆ, ತಿರುಗಿ ಬರಬಾರದೇ ಎನ್ನಿಸುತ್ತದೆ. ಅಂಗಿಯ ಜೇಬಿನಲ್ಲಿ ಅವನ ಹಳೆಯ ಕಾಲೇಜಿನ ಪ್ರೊಫೆಸರ್ ಸಾಹೇಬರ ಕಾಗದವಿತ್ತು. ಉರ್ದುವಿನಲ್ಲಿ, ಬಲದಿಂದ ಎಡಕ್ಕೆ ಓರೆಯಾಗಿ ಇಳಿಯುವ ಅವರ ಅಕ್ಷರ ಓದುವಾಗ ಅವರು ಎದುರಿಗೇ ಕನ್ನಡಕ ಒರೆಸುತ್ತ ಕೂತಂತೆ ಆಗುತ್ತಿತ್ತು. ಎಪ್ಪತ್ತೆರಡು ಗಂಟೆ ಕಾವು ಕಂಡ ಭ್ರೂಣದ ಶೀಷೆಯೊಂದು ಬಂದರೆ ಸಾಲು ಪೂರ್ತಿಯಾಗುತ್ತದೆ. ತಿಂಗಳ ಕೊನೆಗೆ ಪ್ರಯೋಗಶಾಲೆಯ ಸಹಾಯಕನ ಜಾಗ ಯಾರಿಗೆಂದು ನಿಶ್ಚಯವಾಗುತ್ತದೆ. ನಿಮ್ಮ ಹಳ್ಳಿಯ ಆ ರೆಪ್ಪೆಯ ಮುದುಕಿಗೆ ನನ್ನ ಸಲಾಮು.

ಹೈದರಾಬಾದಿನ ಕಾಲೇಜಿನಲ್ಲಿ ಒಂದು ಕಾವಿನ ಪೆಟ್ಟಿಗೆ ಇತ್ತು. ಅದರ ಶಾಖ ಒಂದು ದಿನ ಏರಿ ಒಂದು ದಿನ ಇಳಿದು, ಒಳಗಿನ ಭ್ರೂಣಗಳು ಸೊಟ್ಟಪಟ್ಟ ಬೆಳೆಯುತ್ತಿದ್ದವು. ಕೋಳಿಯ ಹೊಟ್ಟೆ ತಪ್ಪುವುದಿಲ್ಲ ಎಂದು ಪ್ರೊಫೆಸರ್ ಸಾಹೇಬರು ಒಂದು ದಿನ ಸಿಟ್ಟಿನಲ್ಲಿ ಅಂದರು. ತಮ್ಮೂರಲ್ಲಿ ಕೋಳಿ ಸಾಕುವ ಹಜರತಬೀ ಇದ್ದಾಳೆ ಎಂದ ಉಮಾಪತಿ. ಓದು ಅರ್ಧಕ್ಕೆ ನಿಂತು ಊರ ಶಾಲೆಯಲ್ಲಿ ವಿಜ್ಞಾನದ ಮಾಸ್ತರನಾಗಿ ಬಂದವನಿಗೆ, ತಿರುಗಿ ಹೋಗಲು ಇದ್ದ ದಾರಿ ಎಂದರೆ ಈ ತತ್ತಿಗಳ ದಾರಿಯೊಂದೇ. ಹಜರತಬೀ ತತ್ತಿಗಳನ್ನು ಕಾವಿಗಿಡುವುದು ನಮಾಜಿನ ಹೊತ್ತಿಗೆ. ಮುಂಜಾನೆಯದಕ್ಕೆ ಮಸಿಯಲ್ಲಿ ಒಂದು ಗೆರೆ, ಮಧ್ಯಾಹ್ನದ್ದಕ್ಕೆ ಎರಡು, ಇಳಿಹೊತ್ತಿನದಕ್ಕೆ ಮೂರು. ಕಾಲೇಜಿನ ಗಡಿಯಾರಕ್ಕಿಂತ ಈ ಲೆಕ್ಕ ನೆಟ್ಟಗಿತ್ತು. ತತ್ತಿಯನ್ನು ಅವನು ಶಾಲೆಯ ಸಾಮಾನು ಕೋಣೆಗೆ ಒಯ್ದು, ಒಡೆದು, ಕತ್ತರಿಯಿಂದ ಭ್ರೂಣ ಬಿಡಿಸಿ, ಸೂಜಿಯಿಂದ ಎತ್ತಿ ಹಳದಿ ದ್ರವದ ಶೀಷೆಗೆ ಹಾಕುವನು. ಶೀಷೆ ರೈಲಿನಲ್ಲಿ ಹೈದರಾಬಾದಿಗೆ ಹೋಗುವುದು. ಅಲ್ಲಿ ಅದನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಹೆರೆದು, ಬೆಳ್ಳಿಯ ನೀರು ಕುಡಿಸಿ ನೋಡುವರು.

ಏನು ನೋಡುವರು? ಗಿಣಗಿನ ಓಣಿಯ ತಿರುವಿನಲ್ಲಿ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಾಗ ಅವನಿಗೆ ಮೊದಲ ಸಲ ನೋಡಿದ್ದು ಕಾಣಿಸಿತು. ಎರಡನೆಯ ದಿನಕ್ಕೆ ಹಳದಿಯ ಮೇಲೆ ಉಗುರಿನಷ್ಟು ಪಟ್ಟಿಯೊಂದು ಮೂಡಿರುತ್ತದೆ. ಅದರ ಎರಡೂ ಅಂಚು ಎದ್ದು, ರೊಟ್ಟಿ ಸುರುಳಿ ಸುತ್ತಿದಂತೆ ಕೂಡಿ ಕೊಳವೆಯಾಗುತ್ತದೆ. ಮುಂದೆ ಮಿದುಳು, ಬೆನ್ನುಹುರಿ ಎಲ್ಲ ಅದೇ. ಆ ಗೋಡೆಯ ಕೋಶಗಳು ಆಗ ಒಂದೇ ತೆರ. ಇದು ಅದಲ್ಲ ಎಂದು ಹೇಳುವ ಗುರುತು ಒಂದಕ್ಕೂ ಇರುವುದಿಲ್ಲ. ಒಡೆದು ಎರಡಾಗುತ್ತವೆ, ಎರಡು ನಾಲ್ಕಾಗುತ್ತವೆ. ಆಮೇಲೆ ಯಾವುದೋ ಒಂದು ಗಳಿಗೆಗೆ ಕೆಲವು ಒಡೆಯುವುದನ್ನು ನಿಲ್ಲಿಸಿ ಗೋಡೆಯ ಹೊರಮೈಗೆ ಸರಿಯುತ್ತವೆ. ಹೊಟ್ಟೆಯ ಕಡೆ ಸರಿದವು ಎಳೆ ಬಿಟ್ಟು ಸ್ನಾಯುವನ್ನು ಹುಡುಕಿಕೊಂಡು ಹೋಗುತ್ತವೆ, ಕೈಕಾಲು ಆಡಿಸುವ ನರ ಅವು. ಬೆನ್ನ ಕಡೆ, ಎರಡು ಅಂಚು ಕೂಡಿದ ಹೊಲಿಗೆಯಲ್ಲಿ, ಕೆಲವು ಕೋಶಗಳು ಹೊರಗೆ ಉದುರಿಬಿಡುತ್ತವೆ. ಅವು ಅತ್ತ ಚರ್ಮದವೂ ಅಲ್ಲ, ಇತ್ತ ಕೊಳವೆಯವೂ ಅಲ್ಲ. ಉದುರಿದವು ನಡೆದು ಹೋಗಿ ಪಕ್ಕದಲ್ಲಿ ಗಂಟುಗಟ್ಟಿ ಕೂತರೆ ಬಿಸಿ, ತಂಪು, ಚುಚ್ಚಿದ್ದು, ಸವರಿದ್ದು ತಿಳಿಯುವ ನರಗಳಾಗುತ್ತವೆ. ಇನ್ನೂ ದೂರ ನಡೆದವು ಚರ್ಮಕ್ಕೆ ಹೋಗಿ ಬಣ್ಣವಾಗುತ್ತವೆ. ನೋವನ್ನು ತಿಳಿಯುವುದೂ ಪುಕ್ಕದ ಕಪ್ಪೂ ಒಂದೇ ಹೊಲಿಗೆಯ ಮಕ್ಕಳು. ಇದನ್ನು ಮೊದಲು ಕೇಳಿದ ದಿನ ಅವನಿಗೆ ಊಟ ಸೇರಿರಲಿಲ್ಲ. ಯಾವ ಗಳಿಗೆಯಲ್ಲಿ, ಯಾರು ಹೇಳಿ, ಇದು ಇದಾಯಿತು, ಅದು ಅದಾಯಿತು? "ಮಿಯಾಂ," ಅಂದಿದ್ದರು ಪ್ರೊಫೆಸರ್ ಸಾಹೇಬರು, "ಕೋಶ ತಾನು ಯಾರೆಂದು ಒಂದು ಸಲ ಹೇಳಿಬಿಟ್ಟರೆ ಮುಗಿಯಿತು, ಮಾತು ತಪ್ಪುವುದಿಲ್ಲ. ಹೇಳುವ ತನಕ ಅದು ಯಾರು ಬೇಕಾದರೂ ಆಗಬಹುದು." ಅವನಿಗೆ ಖುಷಿಯಾಗಿತ್ತು. ಯಾರು ಬೇಕಾದರೂ ಆಗಬಹುದು. ವಯಸ್ಸು ಇಪ್ಪತ್ತಾರಾಯಿತು, ಅವನು ಇನ್ನೂ ಯಾರು ಬೇಕಾದರೂ ಆಗುತ್ತಲೇ ಇದ್ದಾನೆ.

ಸ್ಟೇಶನ್ನಿನ ಕಟ್ಟೆಯ ಮೇಲೆ ಅವನು ಹಜರತಬೀಯೂ ಆಗಿದ್ದ. ಟಿಕೀಟು ಕೊಡುವ ಕರಿಬಸಪ್ಪ ಅವನ ಗೆಳೆಯ. ಇಳಿಹೊತ್ತಿನ ಗಾಡಿ ಹೋದ ಮೇಲೆ ಅಲ್ಲಿ ನಾಲ್ಕು ಮಂದಿ ಕೂಡುವುದು ಉಮಾಪತಿಯ ನಕಲಿಗಾಗಿಯೇ. ಹಜರತಬೀ ತತ್ತಿ ನೋಡುವ ಪರಿ ಊರಿಗೇ ಹೆಸರುವಾಸಿ. ಮಂದಿ ತತ್ತಿಯನ್ನು ಅಂಗೈಯಲ್ಲಿ ತೂಗಿ ನೋಡುತ್ತಾರೆ, ಬಿಸಿಲಿಗೆ ಹಿಡಿದು ನೋಡುತ್ತಾರೆ. ಅವಳು ಕೋಳಿಯ ಕೆಳಗಿನಿಂದ ತತ್ತಿ ತೆಗೆದು, ಎಡಗಣ್ಣು ಮುಚ್ಚಿ, ಅದರ ದಪ್ಪನೆಯ ತುದಿಯನ್ನು ರೆಪ್ಪೆಗೆ ಹಚ್ಚಿ, ಒಳಗೆ ಯಾರೋ ಗುಟ್ಟು ಹೇಳುತ್ತಿದ್ದಾರೆ ಎಂಬಂತೆ ತಲೆ ಓರೆ ಮಾಡಿ ನಿಲ್ಲುತ್ತಿದ್ದಳು. ಆಮೇಲೆ ಎರಡರಲ್ಲಿ ಒಂದು ಮಾತು. "ಜೀವ ಐತಿ." ಇಲ್ಲವೆ, "ಬರೇ ನೀರು." ತಪ್ಪಿದ್ದೇ ಇಲ್ಲ. ಉಮಾಪತಿ ಕರಿಬಸಪ್ಪನ ಮಸಿಕುಡಿಕೆಯನ್ನು ರೆಪ್ಪೆಗೆ ಹಚ್ಚಿಕೊಂಡು ಹಾಗೇ ನಿಂತ. ಗಾಡಿ ತಪ್ಪಿಸಿಕೊಂಡು ಕೂತಿದ್ದ ಯಲಬುರ್ಗಿಯ ಗೌಡನೊಬ್ಬನ ಬೋಳುತಲೆಯನ್ನೂ ಹಾಗೇ ರೆಪ್ಪೆಗೆ ಹಚ್ಚಿ, ಬಹಳ ಹೊತ್ತು ಆಲಿಸಿ, "ಬರೇ ನೀರು" ಅಂದ. ಗೌಡನೇ ಎಲ್ಲರಿಗಿಂತ ಹೆಚ್ಚು ನಕ್ಕ. "ಇನ್ನೊಮ್ಮಿ ಮಾಡಲೇ," ಎಂದು ಕರಿಬಸಪ್ಪ ಹೊಟ್ಟೆ ಹಿಡಿದುಕೊಂಡು ಕೇಳಿದ. ಇನ್ನೊಮ್ಮೆ ಮಾಡಿದ. ಅದು ಎರಡು ತಿಂಗಳ ಹಿಂದಿನದಾಗಿದ್ದರೆ ಇವತ್ತು ಅವನು ನಿದ್ದೆಗೆಡಬೇಕಾಗಿರಲಿಲ್ಲ. ಹೋದ ವಾರದ್ದು ಅದು. ತಿಳಿದ ಮೇಲೆ ಮಾಡಿದ್ದು.

ತಿಳಿದದ್ದು ಜೋಳ ಕೊಯ್ಯುವ ದಿನಗಳಲ್ಲಿ. ಅವಳು ಒಲೆಯ ಮುಂದೆ ಕೂತು ಕುಷ್ಟಗಿಯ ತನ್ನ ತವರಿನ ಹುಂಜದ ಕಥೆ ಹೇಳುತ್ತಿದ್ದಳು. ಆ ಹುಂಜ ಅಂಚೆಯವನನ್ನು ಮಾತ್ರ ಅಟ್ಟಿಸಿಕೊಂಡು ಹೋಗುತ್ತಿತ್ತಂತೆ. ಹೇಳುತ್ತ ಹೇಳುತ್ತ ಕೆಂಡವೊಂದನ್ನು ಎರಡು ಬೆರಳಿನಿಂದ ಎತ್ತಿ ಒಲೆಯ ಒಳಕ್ಕೆ ಇಟ್ಟಳು. ಕಥೆ ತಡೆಯಲಿಲ್ಲ. ಅವಸರವೂ ಇರಲಿಲ್ಲ. ಚರ್ಮ ಸೀದ ವಾಸನೆ ಅವನಿಗೆ ಬಂತು, ಅವಳು ಹುಂಜದ ಕೂಗು ಕೂಗಿ ತೋರಿಸಿದಳು. ಸೀರೆಯ ಸೆರಗು ಜಾರಿದ ಮೊಣಕೈಯ ಮೇಲೆ ವೀಳ್ಯದೆಲೆಯಗಲದ ಒಂದು ಮಚ್ಚೆ ಇತ್ತು, ಸುತ್ತಲಿನ ಬಣ್ಣಕ್ಕಿಂತ ಪೇಲವವಾದದ್ದು. ಆಗ ಅವನಿಗಾದದ್ದು ಏನು? ಇದನ್ನು ಅವನು ಈಗಲೂ ತನಗೆ ತಾನೇ ಪೂರ್ತಿ ಹೇಳಿಕೊಂಡಿಲ್ಲ. ಅವನಿಗೆ ಸಂತೋಷವಾಯಿತು. ಬಣ್ಣ ಹೋದ ಕೈಯಲ್ಲೇ ತಿಳಿವೂ ಹೋಗಿದೆ. ಒಂದೇ ಹೊಲಿಗೆಯಿಂದ ಉದುರಿ ಹೊರಟ ಎರಡು ಮಕ್ಕಳು ಐವತ್ತು ವರ್ಷ ದೂರ ದೂರ ಇದ್ದು, ಒಂದೇ ತೋಳಿನಲ್ಲಿ ಒಟ್ಟಿಗೆ ಸತ್ತಿವೆ. ಹೊರಗೆ ನಡೆಯುವ ನರ ಇನ್ನೂ ಇದೆ, ಬೆರಳು ಆಡುತ್ತಿವೆ, ಕೆಂಡ ಎತ್ತುತ್ತಿವೆ. ಒಳಗೆ ಸುದ್ದಿ ತರುವ ನರ ಮಾತ್ರ ಇಲ್ಲ. ಪುಸ್ತಕದ ಚಿತ್ರ ಎದ್ದು ಒಲೆಯ ಮುಂದೆ ಕೂತಿದೆ. ಅದರ ಹಿಂದೆಯೇ ಇನ್ನೊಂದು ಬಂತು. ಅವಳ ತವರೂರಿನ ಹೆಸರು ಅವನ ತಲೆಯಲ್ಲಿ ತಾನಾಗಿ ಎರಡು ತುಂಡಾಯಿತು. ಮೊದಲಿನ ತುಂಡು ರೋಗದ ಹೆಸರು. ಬಾಯಿಗೆ ಬರದ ನಗುವೊಂದು ಹೊಟ್ಟೆಯಲ್ಲೇ ಎದ್ದು ಹೊಟ್ಟೆಯಲ್ಲೇ ಕೂತಿತು. ಅಯ್ಯೋ ಎಂಬುದು ಬಂದದ್ದು ಮೂರನೆಯದಾಗಿ. ಬೇರೆ ಮನುಷ್ಯರಿಗೆ ಅದು ಮೊದಲು ಬರುತ್ತದೆಯೇ? ಅವನಿಗೆ ಗೊತ್ತಿಲ್ಲ. ಅವನು ಬೇರೆಯವರ ದನಿ ಮಾಡಬಲ್ಲ, ಸಾಲಿನಲ್ಲಿ ಯಾವುದು ಮೊದಲು ಬರುತ್ತದೆಂಬುದನ್ನು ನೋಡಲಾರ.

ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಭ್ರೂಣ ಎತ್ತುವ ಸೂಜಿಯನ್ನು ಅವನು ಕೋಟಿನ ಮಡಿಕೆಗೆ ಚುಚ್ಚಿಕೊಂಡಿರುತ್ತಿದ್ದ. ಮರುದಿನ ಅವಳು ತತ್ತಿಗಳನ್ನು ಒಂದೊಂದಾಗಿ ಕೊಡುವಾಗ, ಅವಳು ಕೋಳಿಯನ್ನು ಬೈಯಲು ಆ ಕಡೆ ತಿರುಗಿದ್ದಾಗ, ಅವನು ಅವಳ ಕಿರಿಬೆರಳಿಗೆ ಸೂಜಿ ತಾಗಿಸಿದ. ತಾಗಿಸಿದ ಎಂಬುದು ಅವನು ಮನಸ್ಸಿನಲ್ಲಿ ಬಳಸುವ ಮಾತು. ಚುಚ್ಚಿದ. ಬೆರಳು ಕದಲಲಿಲ್ಲ. ತಾನು ಊಹಿಸಿದ್ದು ಸರಿ ಎಂದು ತಿಳಿದಾಗ ಪರೀಕ್ಷೆಯಲ್ಲಿ ಪಾಸಾದಂತಾಯಿತು. ಅವತ್ತಿನಿಂದ ಅವನು ಕೈ ತೊಳೆಯತೊಡಗಿದ, ಅವಳ ಅಂಗಳದಲ್ಲೇ ಬಾನಿಯ ನೀರು ಕೇಳಿ ತೊಳೆದು, ಮನೆಗೆ ಬಂದು ಮತ್ತೆ ತೊಳೆಯುತ್ತಿದ್ದ. ಹೇಳಬೇಕೆಂದು ಹೋದ ದಿನಗಳೂ ಇದ್ದವು. ಹೇಳಿದರೆ ಅವಳು ಹೆದರುತ್ತಾಳೆ, ಓಣಿಗೆ ತಿಳಿಯುತ್ತದೆ, ಅವಳ ತತ್ತಿ ಯಾರೂ ಮುಟ್ಟುವುದಿಲ್ಲ, ಅವಳ ಬದುಕು ಹಾಳಾಗುತ್ತದೆ ಎಂದು ಅವಳ ಪರವಾಗಿ ಯೋಚಿಸಿ ಸುಮ್ಮನೆ ಬರುತ್ತಿದ್ದ. ಅವಳ ಬದುಕಿನ ಪಕ್ಕದಲ್ಲಿ ನಲವತ್ತೆಂಟು, ಐವತ್ತನಾಲ್ಕು, ಅರವತ್ತು ಗಂಟೆಯ ಶೀಷೆಗಳೂ ನಿಂತಿದ್ದವು. ಯಾವುದರ ಪರವಾಗಿ ಯೋಚಿಸಿದೆ ಎಂದು ಕೇಳುವವರು ಯಾರೂ ಇರಲಿಲ್ಲ, ಸಬಕಾರದ ವಾಸನೆಯೊಂದರ ಹೊರತು. ಇವತ್ತು ಕೊನೆಯ ತತ್ತಿ. ಇವತ್ತು ಹೇಳಿಬಿಡುವುದೆಂದು ನಿಶ್ಚಯಿಸಿ ಬಂದಿದ್ದ. ಕೊನೆಯ ತತ್ತಿಯ ದಿನವೇ ಧೈರ್ಯ ಬಂದದ್ದೇಕೆಂದು ಕೇಳಿಕೊಳ್ಳದಷ್ಟು ಬುದ್ಧಿ ಅವನಿಗಿತ್ತು.

"ಬಾರಪಾ ಮಾಸ್ತರ," ಎಂದಳು ಹಜರತಬೀ. ಕೋಳಿಬುಟ್ಟಿಯ ಮುಂದೆ ಕಾಲು ಚಾಚಿ ಕೂತು ನುಚ್ಚು ಹಸನು ಮಾಡುತ್ತಿದ್ದಳು. ಅವನು ಚಿಕ್ಕವನಿದ್ದಾಗ ಅವಳು ಅವರ ಅಂಗಳದಲ್ಲಿ ಹತ್ತು ವರ್ಷ ಅರಳೆ ಬಿಡಿಸಿದವಳು, ಅವನನ್ನು ಅರಳೆಯ ಗುಡ್ಡದ ಮೇಲೆ ಎತ್ತಿ ಒಗೆದವಳು, ಚಿಕ್ಕಮ್ಮ ಎನ್ನುವ ಹಾಗೆ ಅವನು ಖಾಲಾ ಎನ್ನುವವಳು. "ಇವತ್ತ ಯಾರ್ನ ಕರಕೊಂಡು ಬಂದಿ?"

"ಯಾರಿಲ್ಲ ಖಾಲಾ. ಒಬ್ಬನ ಬಂದೇನಿ."

"ಒಬ್ಬನ ಬಂದ್ರ ಬೇಸರ ಬರ್ತೈತಿ. ತಹಸೀಲ್ದಾರನ್ನಾರ ಕರಿ."

ಖಾಲಾ, ನಿನ್ನ ಕೈ ನೋಡಿದೆ, ಎಂದು ಆರಂಭಿಸಬೇಕು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ ಮಾತು. ಬಾಯಿ ತೆರೆದರೆ ಅದಕ್ಕೊಂದು ದನಿ ಬೇಕಲ್ಲ. ಗಂಟಲಲ್ಲಿ ಹುಡುಕಿದ. ಒಬ್ಬೊಬ್ಬರಾಗಿ ಎಲ್ಲರೂ ಎದ್ದು ಬಂದರು, ಹೆಡ್ ಮಾಸ್ತರರು, ಅಂಬಿಗ, ಪ್ರೊಫೆಸರ್ ಸಾಹೇಬರು. ಹೇಳಬೇಕಾದವನು ಮಾತ್ರ ಬರಲಿಲ್ಲ. ಕೊನೆಗೆ ಎದ್ದವನು ಜಾಗೀರಿನ ದವಾಖಾನೆಯ ಡಾಕ್ಟರ. ಮೂಗಿನಲ್ಲಿ ಮಾತಾಡುವವನು, ರೋಗಿಯ ಮುಖ ನೋಡದೆ ಕಿಟಕಿ ನೋಡುವವನು. ಉಮಾಪತಿ ಕಿಟಕಿಯಿಲ್ಲದ ಗೋಡೆಯ ಕಡೆ ನೋಡುತ್ತ ಮೂಗಿನಲ್ಲಿ ಅಂದ, "ಹೂಂ, ಹಜರತಬೀ. ಹಾತ್ ತೋರ್ಸು. ಈ ಕೈಗೆ ಬಿಸಿ ತಿಳೀತೈತಿ? ನೈ? ಮಚ್ಚಿ ಎಷ್ಟ ದಿನದ್ದು? ಇದು ದೊಡ್ಡ ಬೇನಿ ಐತಿ. ಗದಗಿಗೆ ಹೋಗಬೇಕು. ಎಣ್ಣಿ ಸೂಜಿ ಹಾಕ್ತಾರ. ಲಗೂ ಹೋದ್ರ ಬೆರಳು ಉಳೀತಾವ. ಹೋಗು, ಮುಂದಿನವರು ಬರ್ರಿ."

ಹೇಳಿಬಿಟ್ಟಿದ್ದ. ಎಲ್ಲ ಹೇಳಿದ್ದ, ಒಂದು ಮಾತೂ ಬಿಟ್ಟಿರಲಿಲ್ಲ. ಹಜರತಬೀ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಭುಜ ಕುಲುಕಿದವು, ನುಚ್ಚಿನ ಮೊರ ಕುಲುಕಿತು, ಕೋಳಿ ಬುಟ್ಟಿಯಿಂದ ಕತ್ತು ಹಾಕಿ ನೋಡಿತು.

"ಥೇಟ ಅವನ. ಮೂಗ ಸುದ್ದಾ ಅವಂದ ತಂದಿ," ಎಂದು ಕಣ್ಣು ಒರೆಸಿಕೊಂಡಳು. ಮೊರವನ್ನು ಮಡಿಲಿಗೆ ಎಳೆದುಕೊಂಡಳು. "ನಂದೂ ಮಾಡ್ತೀಯಂತಲ್ಲ."

ಅವನು ಬುಟ್ಟಿಯನ್ನು ಕೆಳಗಿಟ್ಟ.

"ಸ್ಟೇಶನ್ನದಾಗ. ಗೌಸಬೀ ಶೇಂಗಾ ಮಾರಾಕ ಹೋಗಿರ್ತಾಳ, ನೋಡಿ ಬಂದು ಹೇಳಿದ್ಲು. ಯಾರದೋ ಗೌಡನ ಬೋಳುತಲಿ ಕಣ್ಣಿಗೆ ಹಚ್ಚಿಕೊಂಡಿದ್ದೆಂತ. ಮಾಡಿ ತೋರ್ಸು."

"ಖಾಲಾ, ಅದು ಹುಡುಗಾಟಕ್ಕ."

"ನಾನೂ ಹುಡುಗಾಟಕ್ಕ ಕೇಳಾಕತ್ತೇನಿ. ಎಲ್ಲಾರ್ದೂ ನನ್ನ ಮುಂದ ಮಾಡಿ, ನಂದು ಯಾಕ ಬ್ಯಾಡ?" ಬಗ್ಗಿ ಕೋಳಿಯ ಕೆಳಗಿನಿಂದ ಒಂದು ತತ್ತಿ ತೆಗೆದು ಚಾಚಿದಳು. ಎರಡು ಗೆರೆಯ ತತ್ತಿ, ಎಪ್ಪತ್ತೆರಡು ಗಂಟೆಯದು.

ಅವನು ಮಾಡಿದ. ಬೇರೆ ದಾರಿ ಇರಲಿಲ್ಲ. ತತ್ತಿ ತೆಗೆದುಕೊಂಡ, ಎಡಗಣ್ಣು ಮುಚ್ಚಿದ, ರೆಪ್ಪೆಗೆ ಹಚ್ಚಿ ತಲೆ ಓರೆ ಮಾಡಿದ. ಮುಚ್ಚಿದ ಕಣ್ಣಿನ ಕೆಂಪು ಕತ್ತಲೆಯಲ್ಲಿ ತನ್ನ ನಾಡಿಯೇ ಬಡಿಯಿತು. "ಜೀವ ಐತಿ," ಎಂದ ಅವಳ ದನಿಯಲ್ಲಿ, ಆ ಕೊನೆಯ ಅಕ್ಷರ ಸ್ವಲ್ಪ ಎಳೆದು.

ಹಜರತಬೀ ನಗಲಿಲ್ಲ. ಶಾಲೆಯ ತಪಾಸಣೆಗೆ ಬಂದವರಂತೆ ನೋಡಿದಳು. "ದನಿ ಬರೋಬರಿ ಐತಿ. ಕೈ ತಪ್ಪೈತಿ."

"ಕೈ?"

"ತತ್ತಿ ಮುಟ್ಟಿದ ಕೂಡ್ಲೇ ನಿನ್ನ ಬೆರಳು ನೋಡು, ಹೆಂಗ ಮೆತ್ತಗಾದ್ವು. ಬೆಚ್ಚಗ ಐತಿ ಅಂತ ಅವಕ್ಕ ಆಗಲೇ ತಿಳೀತು. ಆಮ್ಯಾಲ ಸುಮ್ನ ಕಣ್ಣಿಗೆ ಹಚ್ಚಿದಿ. ನನ್ನ ಬೆರಳು ಹಂಗ ಆಗೂದಿಲ್ಲ. ತತ್ತಿ ಕೈಯಾಗ ಐತೋ ಜಾರೇತೋ ಅಂತ ನಾ ಕಣ್ಣಿಲೇ ನೋಡಬೇಕು. ಅದಕ್ಕ ಮೊದಲ ಒಂದೀಟು ಬಗ್ಗಿ ನೋಡ್ತೀನಿ. ನೀ ಅದನ್ನ ಬಿಟ್ಟಿ."

ಹೊರಗೆ ಯಾರೋ ಎಮ್ಮೆ ಹೊಡೆದುಕೊಂಡು ಹೋದರು. ಅದು ಹೋಗುವ ತನಕ ಅವಳು ಕಾದಳು. "ಮೂರು ವರ್ಷಾತು ಕೈ ಹೋಗಿ. ಕಣ್ಣಿಗೆ ಹಚ್ಚಿದ್ರ ಮಂದಿ ಏನೋ ಹಿಕಮತ್ತು, ವಿದ್ಯಾ ಅಂದ್ರು. ಅನ್ಲಿ ಬಿಡು ಅಂದೆ. ನೀ ಹೈದರಾಬಾದಿಗೂ ಕಾಗದ ಬರದಿ, ನಿಮ್ಮ ದೊಡ್ಡ ಮಾಸ್ತರು ಸಲಾಮ ಕಳಿಸಿದ್ರು. ನಕ್ಕೆ." ಮೊರದಲ್ಲಿದ್ದ ಕಲ್ಲೊಂದನ್ನು ಹುಡುಕಿ ಎತ್ತಿ ಒಗೆದಳು. "ಗಂಗಾವತ್ಯಾಗ ನೂರಜಾನ ಹಡದು ಐದು ತಿಂಗಳಾತು. ಹೋಗಿಲ್ಲ. ಮಗಳ ಬಾಣಂತನಕ್ಕ ಹೋಗಲಾರದಾಕಿ, ಕಲ್ಲೆದಿಯಾಕಿ ಅಂತಾರ. ಕೂಸಿನ್ನ ಎತ್ತಿದ್ರ ಬಿಗಿ ಹಿಡದೇನೋ, ಸಡಲ ಹಿಡದೇನೋ, ನನಗ ತಿಳಿಯೂದಿಲ್ಲಪಾ. ಅದನ್ನ ಯಾರ ಮುಂದ ಹೇಳ್ಲಿ?"

ಉಮಾಪತಿಗೆ ತಾನು ಕೂತಿದ್ದೇನೋ ನಿಂತಿದ್ದೇನೋ ತಿಳಿಯಲಿಲ್ಲ. ನಿಂತಿದ್ದ. ಎರಡು ತಿಂಗಳು ಬಚ್ಚಿಟ್ಟುಕೊಂಡು ತಿರುಗಿದ ಗುಟ್ಟು ಅವಳದೇ ಆಗಿತ್ತು, ಮೂರು ವರ್ಷದಿಂದ. ಹಾಗಾದರೆ ತನ್ನ ತಪ್ಪೇನೂ ಇಲ್ಲ ಎಂದು ಒಳಗೊಬ್ಬ ಲಗುಬಗೆಯಿಂದ ಎದ್ದ. ಅವನು ಮಾತು ಮುಗಿಸುವ ಮೊದಲೇ ಹಜರತಬೀ ಬಲಗೈ ಚಾಚಿ ಕಿರಿಬೆರಳು ತೋರಿಸಿದಳು.

"ಅವತ್ತ ಸೂಜಿ ಚುಚ್ಚಿದಿ. ಕೈಗೆ ಗೊತ್ತಾಗ್ಲಿಲ್ಲ, ಓರೆಗಣ್ಣಿಗೆ ಕಾಣಿಸ್ತು. ರಗತ ಬಂದಿತ್ತು. ನಾ ಸುಮ್ನಿದ್ದೆ. ಇಷ್ಟು ಓದಿದಾಂವ, ಔಷಧ ಐತೋ ಇಲ್ಲೋ ಇವಂಗ ಗೊತ್ತಿರ್ತೈತಿ, ನಾಳೆ ಹೇಳ್ತಾನ, ನಾಡದ ಹೇಳ್ತಾನ ಅಂತ ಕಾದೆ. ಅವತ್ತಿನಿಂದ ನೀ ಕೈ ತೊಳ್ಯಾಕ ಹತ್ತಿದಿ."

ಆ ಬೆರಳನ್ನು ಅವನು ನೋಡಿದ. ನೋಡದೆ ಇರಲು ಗೋಡೆಯಲ್ಲಿ ಕಿಟಕಿ ಇರಲಿಲ್ಲ. ಸೂಜಿ ಚುಚ್ಚಿದ ದಿನ ಅದು ನೆಟ್ಟಗಿತ್ತು. ಅದು ಅವನಿಗೆ ಚೆನ್ನಾಗಿ ನೆನಪಿದೆ, ಪ್ರಯೋಗ ಮಾಡಿದವನಿಗೆ ನೆನಪಿರುತ್ತದೆ. ಈಗ ಅದು ಅರ್ಧ ಮಡಚಿಕೊಂಡು ಕೊಕ್ಕೆಯಾಗಿತ್ತು. ಸುದ್ದಿ ತರುವ ನರದ ಹಿಂದೆ ಆಡಿಸುವ ನರವೂ ಹೊರಟಿತ್ತು. ನಲವತ್ತೆಂಟರ ಶೀಷೆಗೂ ಎಪ್ಪತ್ತೆರಡರ ಶೀಷೆಗೂ ನಡುವೆ ಎಲ್ಲೋ.

"ಔಷಧ ಐತೇನು?" ಎಂದಳು.

"ಐತಿ. ಸತ್ತ ನರ ತಿರುಗಿ ಬರೂದಿಲ್ಲ. ಉಳದದ್ದು ಉಳದೀತು. ಲಗೂ ಹೋದ್ರ."

"ಎರಡು ತಿಂಗಳ ಹಿಂದ ಹೋಗಿದ್ರ?"

ಇದಕ್ಕೆ ಒಂದೇ ಉತ್ತರವಿತ್ತು. ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಕೋಳಿ ಬುಟ್ಟಿಯಲ್ಲಿ ಒಂದು ಸುತ್ತು ತಿರುಗಿ, ಉಳಿದ ತತ್ತಿಗಳನ್ನು ಕೊಕ್ಕಿನಿಂದ ಎಳೆದು ಹೊಟ್ಟೆಯ ಕೆಳಗೆ ಸೇರಿಸಿಕೊಂಡಿತು. ಅವನ ಮುಖ ಬಿಸಿಯಾಗಿತ್ತು, ಕಿವಿಯ ತುದಿ ಸುಡುತ್ತಿತ್ತು. ಆ ಸುಡುವಿಕೆಯನ್ನು ಒಳಗೆ ತರುತ್ತಿರುವ ನರಗಳು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿವೆ ಎಂದು ಅವನಲ್ಲೊಬ್ಬ ಆಗಲೂ ಗಮನಿಸಿದ. ಆ ಒಬ್ಬನನ್ನು ಕತ್ತು ಹಿಡಿದು ಹೊರಗೆ ದೂಡಬೇಕೆನ್ನಿಸಿತು. ದೂಡಿದರೆ ಉಳಿಯುವವನು ಯಾರು ಎಂದು ಹೆದರಿಕೆಯಾಯಿತು.

"ತತ್ತಿ ಆರತೈತಿ," ಎಂದಳು ಹಜರತಬೀ. "ಒಯ್ಯಾವ ಆದ್ರ ಒಯ್ಯಿ. ಇಲ್ಲಾಂದ್ರ ಅದರ ತಾಯಿಗೆ ಕೊಡು."

ಅವನು ಬಗ್ಗಿ ತತ್ತಿಯನ್ನು ಕೋಳಿಯ ಕೆಳಗೆ ಇಟ್ಟ. ಅದನ್ನು ಯಾರಾದರೂ ತ್ಯಾಗ ಎಂದಿದ್ದರೆ ಅವನು ನಕ್ಕುಬಿಡುತ್ತಿದ್ದ. ಇಡುತ್ತಿದ್ದಂತೆಯೇ, ನಾಳೆ ಇನ್ನೊಂದು ತತ್ತಿ ಎಪ್ಪತ್ತೆರಡಕ್ಕೆ ಬರುತ್ತದೆಂದು ಲೆಕ್ಕ ಮೂಡಿತ್ತು. ಕೈ ಖಾಲಿ ಮಾಡಿಕೊಳ್ಳಬೇಕಾಗಿತ್ತು, ಅಷ್ಟೇ. ಖಾಲಿ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಮುಂದೆ ಹಿಡಿದುಕೊಂಡೇ ನಿಂತ.

"ನನಗ ಗದಗ ಗೊತ್ತಿಲ್ಲ," ಎಂದಳು. "ದವಾಖಾನ್ಯಾಗ ಏನೇನೋ ಕೇಳ್ತಾರ. ನಿನ್ನ ಸಾಲಿಗೆ ರಜಾ ಹಾಕಿ ನನ್ನ ಸಂಗಾಟ ಬರ್ತಿ? ಒಂದ ಡಬ್ಬಿಯಾಗ ಕೂಡಬೇಕು ಮತ್ತ. ಹಿಂದಿನ ಡಬ್ಬಿಯಾಗ ಅಲ್ಲ. ನಿಮ್ಮ ಕರಿಬಸಪ್ಪ ಟಿಕೀಟು ಕೊಡುವಾಗ ಎಲ್ಲಿಗೆ, ಯಾರ ಸಂಗಾಟ ಅಂತ ಕೇಳ್ತಾನ. ಹೇಳಬೇಕು."

"ಹೂಂ," ಎಂದ.

ಹಜರತಬೀ ತಲೆ ಎತ್ತಿದಳು. "ಇದು ನಿಮ್ಮಪ್ಪನ ಹೂಂ. ಹತ್ತು ವರ್ಷ ಕೇಳೇನಿ ಇದನ್ನ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನಿಂದು ಹೇಳು."

ಅಪ್ಪನ ಆ ಹೂಂ ಅನ್ನು ಅವನು ಯಾವತ್ತೂ ಕಲಿತಿರಲಿಲ್ಲ. ಕಟ್ಟು ಹಾಕಿಕೊಂಡಿದ್ದ. ಎಲ್ಲರ ದನಿಯನ್ನೂ ಕಷ್ಟಪಟ್ಟು ಗಳಿಸಿದವನಿಗೆ, ಗಳಿಸದೆ ಬಂದದ್ದು ಅದೊಂದೇ, ಬೇಡವೆಂದರೂ ಬಂದದ್ದು. ಅವನು ಬಾಯಿ ತೆರೆದ. ಗಂಟಲಲ್ಲಿ ಈಗ ಯಾರೂ ಏಳಲಿಲ್ಲ. ಬಹಳ ಹೊತ್ತು ಯಾರೂ ಏಳಲಿಲ್ಲ. ಅಲ್ಲಿ ಒಂದು ಅಂಗಳದಷ್ಟು ಜಾಗ ಖಾಲಿ ಇತ್ತು.

ಹಜರತಬೀ ಮೊರ ಬದಿಗಿಟ್ಟು ಮಂಡಿಯೂರಿ ಎದ್ದಳು. ಅವನ ಖಾಲಿ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದಳು, ಹಿಡಿಯುವ ಮೊದಲು ಒಂದೀಟು ಬಗ್ಗಿ ನೋಡಿದಳು, ತನ್ನ ಬೆರಳು ಎಲ್ಲಿ ಮುಟ್ಟಿವೆ ಎಂದು. ಅವಳ ಅಂಗೈ ಒರಟಾಗಿ, ತಣ್ಣಗೆ ಇತ್ತು. ಮಡಚಿದ ಕಿರಿಬೆರಳು ಅವನ ಮಣಿಕಟ್ಟಿಗೆ ಸಿಕ್ಕಿಕೊಂಡಿತು. ಅವನು ಕೈ ಎಳೆದುಕೊಳ್ಳಲಿಲ್ಲ. ಎಳೆದುಕೊಳ್ಳಬೇಕೆಂದು ತೋಳಿನ ಸ್ನಾಯು ಹೇಳಿತ್ತು, ಹೇಳಿದ್ದು ಅವಳಿಗೆ ತಿಳಿಯಲಾರದೆಂಬುದೂ ಅವನಿಗೆ ಗೊತ್ತಿತ್ತು. ಅವಳು ಎಡಗಣ್ಣು ಮುಚ್ಚಿದಳು. ಸಬಕಾರ ನಾರುವ ಆ ಕೈಯ ಹಿಂಬದಿಯನ್ನು ರೆಪ್ಪೆಗೆ ಹಚ್ಚಿಕೊಂಡು, ತಲೆ ಓರೆ ಮಾಡಿ, ನಿಂತಳು.

ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಮೆಲ್ಲಗೆ ಕದಲುವುದು ಅವನಿಗೆ ತಿಳಿಯುತ್ತಿತ್ತು. ಎರಡು ಮಾತಿನಲ್ಲಿ ಯಾವುದು ಬರುತ್ತದೆಂದು ಅವನು ಕಾದ. ಇಷ್ಟು ದಿನ ಒಡೆದ ತತ್ತಿಗಳೆಲ್ಲ ಹೀಗೇ ಕಾದಿರಬೇಕು.

ಅವಳು ಯಾವುದನ್ನೂ ಹೇಳಲಿಲ್ಲ. ಕೈಯನ್ನು ಕೆಳಗಿಳಿಸಿ, ತನ್ನ ಬೆರಳು ಅದನ್ನು ಬಿಟ್ಟವೋ ಇಲ್ಲವೋ ಎಂದು ಬಗ್ಗಿ ನೋಡಿ, ಮತ್ತೆ ಮೊರ ಎಳೆದುಕೊಂಡಳು.

"ಸ್ವಾಮಾರ," ಎಂದಳು. "ಮುಂಜಾನಿ ಗಾಡಿಗೆ."